ನಾನೂರು ಪಾತಿ

ನಾನು ಓದು ನಿಲ್ಲಿಸಿದ್ದು 1977ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ. ಬಡತನ ಕಾರಣವಲ್ಲ, ದಡ್ಡತನವೂ ಅಲ್ಲ. ಬೆಂಗಳೂರಿನ ಅಂಚಿನಲ್ಲಿ ನಮ್ಮ ಸೋದರಮಾವನ ನರ್ಸರಿ ಇತ್ತು. ಬೆಳಿಗ್ಗೆ ಅಲ್ಲಿ ಸಸಿ ತೊಟ್ಟಿಗಳಿಗೆ ಮಣ್ಣು ತುಂಬಿ, ಉಗುರಿನಲ್ಲಿ ಕೆಮ್ಮಣ್ಣು ಇಟ್ಟುಕೊಂಡೇ ಶಾಲೆಗೆ ಹೋಗುತ್ತಿದ್ದೆ. ಒಂದು ದಿನ ಲೆಕ್ಕದ ಮೇಷ್ಟ್ರು ನನ್ನ ಕೈ ಹಿಡಿದೆತ್ತಿ ಇಡೀ ಕ್ಲಾಸಿಗೆ ತೋರಿಸಿ, "ಇವನಿಗ್ಯಾಕ್ರೋ ಬೀಜಗಣಿತ, ಬೀಜ ಬಿತ್ತಿದ್ರೆ ಸಾಕು" ಎಂದರು. ಕ್ಲಾಸು ನಕ್ಕಿತು. ನಾನು ಚೀಲ ತೆಗೆದುಕೊಂಡು ಎದ್ದು ಬಂದೆ. ಮೇಷ್ಟ್ರು ಮನೆಗೆ ಬಂದು ಕರೆದರೆ ಹೋಗೋಣ ಎಂದುಕೊಂಡಿದ್ದೆ. ಅವರು ಬರಲಿಲ್ಲ. ನಾನೂ ಹೋಗಲಿಲ್ಲ.

ಆಮೇಲೆ ಹತ್ತೊಂಬತ್ತು ವರ್ಷ ಮಾವನ ನರ್ಸರಿಯಲ್ಲಿ ಕಸಿ ಕಟ್ಟಿದೆ, ಗುಲಾಬಿ ಕತ್ತರಿಸಿದೆ, ಊರವರ ಬಂಗಲೆಗಳಲ್ಲಿ ಮರ ನೆಟ್ಟೆ. ನನ್ನ ಹೆಂಡತಿ ನರ್ಸು. ಅವಳಿಗೆ ಡೆಟ್ರಾಯಿಟ್ ಕಡೆ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ 1996ರಲ್ಲಿ ಇಲ್ಲಿಗೆ ಬಂದೆವು. ಅವಳು ಮುಂದೆ, ನಾನು ಸೂಟ್‌ಕೇಸ್ ಹಿಡಿದು ಹಿಂದೆ. ಬಂದು ಮೂರು ವಾರಕ್ಕೆ ಆನ್ ಆರ್ಬರ್ ದಾಟಿ ಇದ್ದ ಒಂದು ಮರದ ನರ್ಸರಿಯಲ್ಲಿ ಕೆಲಸಕ್ಕೆ ಸೇರಿದೆ. ಅದರ ಯಜಮಾನ ಎಪ್ಪತ್ತು ದಾಟಿದ ಬಿಳಿಯ. ಮಾತು ಕಡಿಮೆ. ನನಗೂ ಇಂಗ್ಲಿಷ್ ಕಡಿಮೆ. ಚೆನ್ನಾಗಿ ಹೊಂದಿಕೊಂಡಿತು.

ಮೊದಲ ವರ್ಷವೇ ನಾನೊಂದು ದೊಡ್ಡ ತಪ್ಪು ಮಾಡಿದೆ. ನಲವತ್ತು ಮೇಪಲ್ ಸಸಿಗಳನ್ನು ನೆಡಲು ಹೇಳಿದ್ದರು. ನೆಟ್ಟು, ಒಂದೊಂದರ ಸುತ್ತಲೂ ನಮ್ಮ ಕಡೆಯಂತೆ ದುಂಡಗೆ ಪಾತಿ ಮಾಡಿ, ಅಂಚು ತಟ್ಟಿ, ನೀರು ತುಂಬಿಸಿದೆ. ನೋಡಲು ಎಷ್ಟು ಚೆಂದ ಕಾಣುತ್ತಿತ್ತೆಂದರೆ ಹೆಂಡತಿಯನ್ನು ಕರೆದುಕೊಂಡು ಹೋಗಿ ತೋರಿಸಿದ್ದೆ. ಮುಂದಿನ ಬೇಸಿಗೆಗೆ ನಲವತ್ತರಲ್ಲಿ ಮೂವತ್ತೊಂದು ಸತ್ತವು. ಯಜಮಾನ ಬೈಯಲಿಲ್ಲ. ಒಂದು ಸತ್ತ ಸಸಿಯನ್ನು ಕಿತ್ತು ಬೇರನ್ನು ನನ್ನ ಮೂಗಿನ ಹತ್ತಿರ ಹಿಡಿದು, ಮೂಸಿ ನೋಡು ಎಂದ. ಕೊಳೆತ ಮೊಟ್ಟೆಯ ವಾಸನೆ. ಇಲ್ಲಿನ ಮಣ್ಣು ಜಿಗುಟು ಜೇಡಿ, ನೀರು ಇಳಿಯುವುದಿಲ್ಲ. ಪಾತಿಯಲ್ಲಿ ನಿಂತ ನೀರು ಚಳಿಗಾಲಕ್ಕೆ ಕಲ್ಲಾಗುತ್ತದೆ, ಕರಗಿದ ಮೇಲೆ ಬೇರನ್ನು ಉಸಿರು ಕಟ್ಟಿಸಿ ಕೊಲ್ಲುತ್ತದೆ. ಬೆಂಗಳೂರಿನಲ್ಲಿ ನಾವು ನೀರನ್ನು ಹಿಡಿಯಲು ಕಲಿತವರು. ಇಲ್ಲಿ ಬಿಡಲು ಕಲಿಯಬೇಕು. ಬುಡ ನೆಲಕ್ಕಿಂತ ಒಂದಂಗುಲ ಮೇಲಿರಬೇಕು, ಸುತ್ತ ಮಣ್ಣು ಇಳಿಜಾರಾಗಿರಬೇಕು. ಅಷ್ಟನ್ನು ಕಲಿಯಲು ಮೂವತ್ತೊಂದು ಮರದ ಜೀವ ಹೋಯಿತು. ಆಮೇಲೆ ಹನ್ನೊಂದು ವರ್ಷ ನನ್ನ ಕೈಯಲ್ಲಿ ಹಾಗೆ ಒಂದೂ ಸಾಯಲಿಲ್ಲ. ಕೊನೆಯ ಆರು ವರ್ಷ ನಾನೇ ಅಲ್ಲಿನ ಮೇಸ್ತ್ರಿ. ಒಂಬತ್ತು ಜನ ನನ್ನ ಕೈಕೆಳಗಿದ್ದರು.

2008ರ ಆರ್ಥಿಕ ಕುಸಿತಕ್ಕೆ ಇಲ್ಲೆಲ್ಲ ಮನೆ ಕಟ್ಟುವುದು ನಿಂತಿತು. ಮನೆ ಇಲ್ಲದ ಮೇಲೆ ಅಂಗಳವಿಲ್ಲ, ಅಂಗಳವಿಲ್ಲದ ಮೇಲೆ ಮರ ಯಾರಿಗೆ ಬೇಕು? ನವೆಂಬರಿನಲ್ಲಿ ಯಜಮಾನ ನರ್ಸರಿ ಮುಚ್ಚಿದ. ಕೊನೆಯ ವಾರ ನಾವು ಮಾಡಿದ ಕೆಲಸವೆಂದರೆ, ಮಾರಾಟವಾಗದ ಮರಗಳನ್ನು ಸಾಲಾಗಿ ಕಿತ್ತು ಯಂತ್ರಕ್ಕೆ ಕೊಟ್ಟು ಪುಡಿ ಮಾಡಿದ್ದು. ನಾನು ಬೀಜದಿಂದ ಎಬ್ಬಿಸಿದ ಓಕ್‌ಗಳೂ ಅದರಲ್ಲಿದ್ದವು. ಅವುಗಳನ್ನು ನಾನೇ ಹಾಕಿದೆ. ಬೇರೆಯವರ ಕೈಗೆ ಕೊಡಲಿಲ್ಲ.

ಆ ಚಳಿಗಾಲದಲ್ಲಿ ನಮ್ಮೂರು ಕ್ಯಾಂಟನ್ನಿನ ಇಂಡಿಯನ್ ಅಂಗಡಿಗೆ ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಗಂಡಸರೇ ಕಾಣುತ್ತಿದ್ದರು. ಎಲ್ಲ ಕಾರು ಕಂಪನಿಗಳ ಇಂಜಿನಿಯರುಗಳು. ಒಬ್ಬರನ್ನೊಬ್ಬರು ನೋಡಿ, "ಇವತ್ತು ರಜಾ ಹಾಕಿದೀನಿ" ಎನ್ನುತ್ತಿದ್ದರು. ಮೂರು ತಿಂಗಳು ರಜಾ. ನಾನು ಮಾತ್ರ ಕೇಳಿದವರಿಗೆ ನೇರವಾಗಿ ಹೇಳುತ್ತಿದ್ದೆ: ಕೆಲಸ ಹೋಗಿದೆ.

ಈಗ ಆ ಜಾಗದ ವಿಷಯ ಹೇಳಬೇಕು.

ನಮ್ಮ ಮನೆಯಿಂದ ಎರಡು ಮೈಲಿ ದೂರದಲ್ಲಿ, ಕನ್ನಡದವರು ಬಹಳ ಜನ ಇದ್ದ ಒಂದು ಸಬ್‌ಡಿವಿಷನ್ನಿನ, ಅಂದರೆ ಬಡಾವಣೆಯ, ಹಿಂದೆ, ಹಳ್ಳದ ಪಕ್ಕ ಒಂದು ಸಣ್ಣ ಕಾಡಿತ್ತು. ಅದರಲ್ಲಿದ್ದ ಆ್ಯಶ್ ಮರಗಳನ್ನು ಹಸಿರು ಹುಳು ಕೊರೆದು ಕೊಂದಿತ್ತು. ಸತ್ತ ಮರ ತೆಗೆಯುತ್ತೇವೆ ಎಂದು ಬಂದ ಬಿಲ್ಡರ್ ಬದುಕಿದ್ದ ಓಕ್, ಮೇಪಲ್‌ಗಳನ್ನೂ ನೆಲಸಮ ಮಾಡಿ, ರಸ್ತೆ ಹಾಕಿ, ಬೆಂಕಿ ನಂದಿಸುವ ಕೆಂಪು ನಲ್ಲಿಗಳನ್ನು ನಿಲ್ಲಿಸಿ, ದಿವಾಳಿಯಾಗಿ ಹೋದ. ಕಳೆಯ ನಡುವೆ ಆ ನಲ್ಲಿಗಳು ಮಾತ್ರ ಉಳಿದವು.

ಆ ಕಾಡಿನಲ್ಲಿ ಹಮ್ಮಿಂಗ್‌ಬರ್ಡ್ ಗೂಡು ಕಟ್ಟುತ್ತಿತ್ತು. ಹೆಬ್ಬೆರಳಿನಷ್ಟು ಹಕ್ಕಿ, ಗಂಡಿನ ಕೊರಳು ಬಿಸಿಲಿಗೆ ತಿರುಗಿದಾಗ ಕೆಂಡ, ಇಲ್ಲದಿದ್ದರೆ ಕಪ್ಪು. ನಮ್ಮ ಸೂರಕ್ಕಿಯ ಜಾತಿಯಲ್ಲ. ಸೂರಕ್ಕಿ ಹೆಚ್ಚಾಗಿ ಕೂತು ಕುಡಿಯುತ್ತದೆ, ಇದು ಗಾಳಿಯಲ್ಲಿ ನಿಂತು ಕುಡಿಯುತ್ತದೆ. ಆದರೂ ನನ್ನ ಬಾಯಿಗೆ ಬರುವುದು ಸೂರಕ್ಕಿ ಎಂದೇ. ಜಗತ್ತಿನಿಂದಲೇ ಅಳಿದುಹೋಗುತ್ತಿರುವ ಹಕ್ಕಿ ಇದಲ್ಲ. ನಮ್ಮ ಕಡೆಯಿಂದ ಅಳಿದುಹೋಗುತ್ತಿತ್ತು, ಅಷ್ಟೆ. ಮೊದಲೆಲ್ಲ ಆ ಮನೆಗಳ ಹಿಂದಿನ ಮರದ ಜಗಲಿಯಂಥ ಡೆಕ್‌ಗಳಲ್ಲಿ ತೂಗುಹಾಕಿದ ಸಕ್ಕರೆ ನೀರಿನ ಬಾಟಲಿಗೆ ಸಾಲುಗಟ್ಟಿ ಬರುತ್ತಿದ್ದವಂತೆ. ಕಾಡು ಹೋದ ಎರಡನೇ ಬೇಸಿಗೆಗೆ ಬಾಟಲಿಗೆ ಇರುವೆ ಬಿಟ್ಟರೆ ಯಾರೂ ಬರಲಿಲ್ಲ. ಒಂದು ದಿನ ನಾನೇ ನೋಡಿದೆ: ಒಂದು ಹಕ್ಕಿ ಆ ಕೆಂಪು ನಲ್ಲಿಯ ಸುತ್ತ ಎರಡು ಸುತ್ತು ಸುತ್ತಿ, ಅದರ ಮುಚ್ಚಳಕ್ಕೆ ಕೊಕ್ಕು ಚಾಚಿ, ಹೂವಲ್ಲವೆಂದು ತಿಳಿದು ಹೊರಟುಹೋಯಿತು.

ಆ ಸಬ್‌ಡಿವಿಷನ್ನಿನ ಕನ್ನಡದವರಿಗೆಲ್ಲ ಅಧ್ಯಕ್ಷರಂತೆ ಒಬ್ಬರಿದ್ದರು. ಮೈಸೂರಿನವರು, ಕಾರಿನ ಬ್ರೇಕ್ ಇಂಜಿನಿಯರ್, ನನ್ನ ವಯಸ್ಸಿನವರೇ. ಕೆಲಸ ಹೋಗಿ ಐದು ತಿಂಗಳಾಗಿದ್ದರೂ ಅವರ ಅಂಗಿಯ ಇಸ್ತ್ರಿ ತಪ್ಪಿರಲಿಲ್ಲ. ಅದಕ್ಕಾಗಿ ನಾನು ಅವರನ್ನು ಗೌರವಿಸುತ್ತಿದ್ದೆ, ಈಗಲೂ ಅಷ್ಟರಮಟ್ಟಿಗೆ ಗೌರವಿಸುತ್ತೇನೆ. ಅವರು ಟೌನ್‌ಷಿಪ್ ಕಚೇರಿಗೆ, ಅಂದರೆ ಇಲ್ಲಿನ ಪುರಸಭೆಗೆ, ಬಿಲ್ಡರ್ ಕಟ್ಟದ ತೆರಿಗೆಗೆ ನಿಮ್ಮ ಕೈಸೇರಿರುವ ಆ ಜಾಗವನ್ನು ಮತ್ತೆ ಕಾಡಾಗಲು ಬಿಡಿ ಎಂದು ಕಾಗದದ ಮೇಲೆ ಕಾಗದ ಬರೆದರು. ಕೊನೆಗೆ ಟೌನ್‌ಷಿಪ್‌ನವರು ಒಪ್ಪಿ ಒಂದು ಷರತ್ತು ಹಾಕಿದರು. ನಾನೂರು ಸಸಿ ಕೊಡುತ್ತೇವೆ. ನೆಟ್ಟು ನೋಡಿಕೊಳ್ಳುವುದು ನಿಮ್ಮ ಹೊಣೆ. ಎರಡು ಚಳಿಗಾಲ ಕಳೆದ ಮೇಲೆ ಬಂದು ಎಣಿಸುತ್ತೇವೆ. ಮುನ್ನೂರು ಬದುಕಿದ್ದರೆ ಆ ಜಾಗ ಶಾಶ್ವತವಾಗಿ ಕಾಡು. ಇಲ್ಲದಿದ್ದರೆ ಮಾರಾಟ.

ಅಧ್ಯಕ್ಷರೇ ನನಗೆ ಫೋನ್ ಮಾಡಿ ಕರೆದರು. ಅವರ ಮನೆಯ ಬೇಸ್‌ಮೆಂಟಿನಲ್ಲಿ ಸಭೆ. ಫಾಯಿಲ್ ಟ್ರೇಗಳಲ್ಲಿ ಬಿಸಿಬೇಳೆಬಾತು, ಗೋಡೆಗೆ ಪ್ರೊಜೆಕ್ಟರ್. ನಾನು ಮೆಟ್ಟಿಲಿಳಿಯುತ್ತಿದ್ದ ಹಾಗೆ ಅವರು ಎದ್ದು ನಿಂತರು.

"ಬನ್ನಿ ಬನ್ನಿ, ನಿಮಗೇ ವೇಟ್ ಮಾಡ್ತಾ ಇದ್ವಿ. ಎಲ್ರೂ ಕೇಳಿ, ಇವರು ನಮ್ಮ ಮಾಲಿ. ಟ್ರೀಸ್ ಬಗ್ಗೆ ಎಲ್ಲಾ ಇವರೇ ನೋಡ್ಕೋತಾರೆ."

ಆನ್ ಆರ್ಬರಿನಿಂದ ಬಂದಿದ್ದ ಹುಬ್ಬಳ್ಳಿಯ ಡಾಕ್ಟರೊಬ್ಬರು ತಟ್ಟೆ ಹಿಡಿದುಕೊಂಡೇ ಕೇಳಿದರು: "ಮಾಲಿ ಅಂದ್ರ ಹೂವಿನ ಮಾಲಿ ಏನ್ರೀ? ನಮ್ಮ ಕಡೆ ಅದನ್ನ ಕೊಳ್ಳಾಗ ಹಾಕ್ಕೋತೀವಿ. ನೀವು ಇವರನ್ನ ಕೊಳ್ಳಾಗ ಹಾಕ್ಕೊಳ್ಳಾವ್ರೇನು?"

ಎಲ್ಲ ನಕ್ಕರು. ನಾನೂ ನಕ್ಕೆ. ಡಾಕ್ಟರು ನನ್ನ ಪರವಾಗಿಯೇ ಚುಚ್ಚಿದ್ದರು ಎಂದು ಅರ್ಥವಾದದ್ದು ಮನೆಗೆ ಬಂದ ಮೇಲೆ. ಆ ಹೊತ್ತಿಗೆ ಮಾಲಿ ಎಂಬ ಹೆಸರು ನನಗೆ ಅಂಟಿಯಾಗಿತ್ತು. ಅಲ್ಲಿದ್ದ ಮಕ್ಕಳು ಅದನ್ನೇ ನನ್ನ ಹೆಸರೆಂದು ತಿಳಿದು "ಹಾಯ್ ಮಾಲಿ ಅಂಕಲ್" ಎನ್ನತೊಡಗಿದರು.

2009ರ ಅಕ್ಟೋಬರಿನ ಒಂದು ಶನಿವಾರ ನೆಟ್ಟೆವು. ಅರವತ್ತು ಜನ ಬಂದಿದ್ದರು. ಹೆಂಗಸರು ಮೊದಲ ಗಿಡಕ್ಕೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದರು. ಓಕ್, ಟ್ಯೂಲಿಪ್ ಮರ, ಬೆಳ್ಳನೆ ಹೂ ಬಿಡುವ ಸರ್ವಿಸ್‌ಬೆರಿ, ಎಲ್ಲ ಮೊಣಕಾಲೆತ್ತರದ ಸಸಿ. ಟ್ಯೂಲಿಪ್ ಮರ ನಮ್ಮ ಸಂಪಿಗೆಯ ದಾಯಾದಿ ಎಂದು ಹೇಳಿದಾಗ ಹೆಂಗಸರು ಅದರ ಎಲೆಯನ್ನು ಮೂಸಿ ನೋಡಿದರು. ನಾನು ಮೊದಲ ಮೂವತ್ತು ಗಿಡ ನೆಟ್ಟು ತೋರಿಸಿದೆ: ಬುಡ ಮೇಲೆ, ಮಣ್ಣು ಇಳಿಜಾರು. ಎಲ್ಲರೂ ತಲೆಯಾಡಿಸಿದರು. ಆಮೇಲೆ ಹಳ್ಳದ ಕಡೆ ಗುಂಡಿ ತೋಡಲು ಹೋದೆ.

ಎರಡು ಗಂಟೆ ಬಿಟ್ಟು ಬಂದು ನೋಡಿದರೆ ಗಿಡಗಳ ಸುತ್ತೆಲ್ಲ ಪಾತಿ. ಅಂಥಿಂಥ ಪಾತಿಯಲ್ಲ, ಇಂಜಿನಿಯರುಗಳ ಪಾತಿ. ಮೊಳೆ ನೆಟ್ಟು, ದಾರ ಕಟ್ಟಿ, ಮೂರಡಿ ಅಗಲಕ್ಕೆ ವೃತ್ತ ಎಳೆದು, ಆರಂಗುಲದ ಏರಿ ಕಟ್ಟಿದ್ದರು. ಅಧ್ಯಕ್ಷರು ಡ್ರಾಯಿಂಗ್ ಮಾಡಿ ಪ್ರಿಂಟ್ ತೆಗೆದು ಎಲ್ಲರಿಗೂ ಹಂಚಿದ್ದರು. ನಾನು ಇಳಿಜಾರು ಮಾಡಿಟ್ಟಿದ್ದ ಮೂವತ್ತನ್ನೂ ಕೆಡಿಸಿ ಪಾತಿ ಮಾಡಿದ್ದರು.

"ಇದು ಬೇಡ ಸಾರ್" ಎಂದೆ. "ಇಲ್ಲಿ ಪಾತಿ ಮಾಡಬಾರದು. ನೀರು ನಿಲ್ಲತ್ತೆ."

"ನಿಲ್ಲಲಿ ಅಂತಾನೇ ಅಲ್ವೇನ್ರೀ ಪಾತಿ ಮಾಡೋದು!"

ಸುತ್ತ ನಿಂತವರು ನಕ್ಕರು.

"ಚಳಿಗಾಲಕ್ಕೆ ಹೆಪ್ಪುಗಟ್ಟತ್ತೆ. ಸ್ಪ್ರಿಂಗಲ್ಲಿ ಬೇರು ಕೊಳೆಯತ್ತೆ. ನಾನು ಕಣ್ಣಾರೆ ನೋಡಿದೀನಿ."

"ನೋಡಿ, ನಮ್ಮ ತಾತ ಮೈಸೂರಲ್ಲಿ ಎಪ್ಪತ್ತು ತೆಂಗಿಗೆ ಪಾತಿ ಮಾಡಿಸಿದ್ರು. ಒಂದೂ ಸಾಯಲಿಲ್ಲ."

"ಮಾಡಿಸಿದ್ರು ಸಾರ್. ಮಾಡಿದವನು ಯಾರು?"

ಈ ಮಾತು ಆಡಬಾರದಿತ್ತೋ ಏನೋ. ಅವರ ಮುಖ ಕೆಂಪಾಯಿತು. ಆದರೂ ದನಿ ಏರಿಸಲಿಲ್ಲ, ಮೆತ್ತಗೆ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು: "ಇದು ಸಿಂಪಲ್ ವಾಟರ್ ರಿಟೆನ್ಷನ್. ನೀವು ಓದಿಲ್ಲ, ಅದು ನಿಮ್ಮ ತಪ್ಪಲ್ಲ. ಬೇಕಾದ್ರೆ ವೋಟ್‌ಗೆ ಹಾಕೋಣ."

ಹಾಕಿದರು. ಪಾತಿ ಬೇಕೆನ್ನುವವರು ಕೈ ಎತ್ತಿ ಎಂದಾಗ ಕೈಗಳು ಎದ್ದವು. ಹುಬ್ಬಳ್ಳಿಯ ಡಾಕ್ಟರ ಕೈ ಅರ್ಧ ಎದ್ದು, ನನ್ನ ಮುಖ ನೋಡಿ, ತಲೆ ಕೆರೆದುಕೊಂಡು ಇಳಿಯಿತು. ಬೇಡವೆನ್ನುವವರು ಎಂದಾಗ ಎದ್ದದ್ದು ನನ್ನದೊಂದೇ. ಅಂಗೈ ತುಂಬ ಮಣ್ಣು. ಹಾಗೇ ಕೈ ಇಳಿಸಿ, ಸಲಿಕೆಯನ್ನು ಪಿಕಪ್ಪಿಗೆ ಹಾಕಿಕೊಂಡು ಮನೆಗೆ ಬಂದೆ.

ಅಂದಿನಿಂದ ನವೆಂಬರ್ ಮುಗಿಯುವವರೆಗೂ ಮಳೆ. ನನಗೆ ಮಾಡಲು ಕೆಲಸವಿರಲಿಲ್ಲ. ಹಿಮ ಬಿದ್ದ ಮೇಲೆ ಪಾರ್ಕಿಂಗ್ ಲಾಟ್‌ಗಳಲ್ಲಿ ಹಿಮ ತಳ್ಳುವ ಟ್ರಕ್ ಓಡಿಸುವುದೆಂದು ಮಾತಾಗಿತ್ತು, ಅಷ್ಟೆ. ಪಾತಿಯ ಏರಿಯನ್ನು ಒಂದು ಕಡೆ ಸಲಿಕೆಯಿಂದ ಕಡಿದರೆ ನೀರು ಹರಿದುಹೋಗುತ್ತದೆ. ಒಂದು ಗಿಡಕ್ಕೆ ಎರಡು ನಿಮಿಷ. ನಾನೂರು ಗಿಡಕ್ಕೆ ಒಬ್ಬ ಆಳಿನ ಎರಡು ದಿನದ ಕೆಲಸ. ನನ್ನಲ್ಲಿ ದಿನಗಳಿದ್ದವು, ಸಲಿಕೆಯಿತ್ತು, ದಾರಿ ಎರಡೇ ಮೈಲಿ.

ಹೆಂಡತಿ ಆಸ್ಪತ್ರೆಯಿಂದ ಬಂದವಳು ಒಂದು ಸಂಜೆ ಹೇಳಿದಳು: "ರೀ, ಹೋಗಿ ಒಂದ್ಸಲ ನೋಡ್ಕೊಂಡು ಬನ್ನಿ."

"ಕರೆದ್ರೆ ಹೋಗ್ತೀನಿ."

"ಯಾರು ಕರೀಬೇಕು?"

"ಅವರೇ. ಮನೆಗೆ ಬಂದು ಕರೀಲಿ."

"ಗಿಡ ಏನು ನಿಮ್ಮನ್ನ ಬೈದಿತ್ತಾ?" ಎಂದಳು. ಷೂ ಬಿಚ್ಚುತ್ತ ಮುಂದುವರಿಸಿದಳು: "ನನ್ನ ವಾರ್ಡಲ್ಲಿ ಬೆಲ್ ಒತ್ತೋರು ಇರ್ತಾರೆ, ಒತ್ತೋಕೂ ಆಗದೆ ಇರೋರು ಇರ್ತಾರೆ. ನಾನು ಮೊದಲು ಯಾರ ಹತ್ರ ಹೋಗ್ತೀನಿ ಹೇಳಿ?"

ನಾನು ಟಿವಿ ಹಾಕಿದೆ.

ಅಂಗಡಿಯಲ್ಲಿ ಹುಬ್ಬಳ್ಳಿಯ ಡಾಕ್ಟರು ಸಿಕ್ಕಿದರು. ಬದನೆಕಾಯಿ ಆರಿಸುತ್ತಿದ್ದವರು ನನ್ನ ತೋಳು ಹಿಡಿದರು. "ಯಾಕ್ರೀ ಯಜಮಾನ್ರ, ಆ ಕಡೆ ಹಾಯ್ದೇ ಇಲ್ಲಲಾ? ಪಾತಿ ತುಂಬ ನೀರು ನಿಂತಾವ ನೋಡ್ರೀ, ಎಮ್ಮಿ ಬಿಡೂ ಹಂಗ ಆಗೇತಿ. ಬರ್ರಿ ಒಮ್ಮೆ."

"ನೋಡೋಣ ಡಾಕ್ಟ್ರೇ" ಎಂದೆ.

ನೋಡೋಣ ಎಂದರೆ ಬರುವುದಿಲ್ಲ ಎಂದೇ. ಅದು ಅವರಿಗೂ ಗೊತ್ತು. ನಮ್ಮಲ್ಲಿ ಮದುವೆಗೆ ಕರೆಯುವುದಾದರೆ ಮನೆಗೆ ಬಂದು, ಕುಂಕುಮ ಕೊಟ್ಟು ಕರೆಯುತ್ತಾರೆ. ದಾರಿಯಲ್ಲಿ ಸಿಕ್ಕಾಗ ಬನ್ನಿ ಎಂದದ್ದು ಕರೆದ ಲೆಕ್ಕಕ್ಕೆ ಬರುವುದಿಲ್ಲ. ಅದೂ ಬದನೆಕಾಯಿ ಹಿಡಿದುಕೊಂಡು, ಅದೂ ಅಧ್ಯಕ್ಷರಲ್ಲದವರು ಕರೆದರೆ? ಹೀಗೆ ನನಗೆ ನಾನೇ ಕಾನೂನು ಹೇಳಿಕೊಂಡೆ.

ಡಿಸೆಂಬರಿನಲ್ಲಿ ಥರ್ಮಾಮೀಟರ್ ಹತ್ತು ಡಿಗ್ರಿ ಫ್ಯಾರನ್‌ಹೀಟಿಗೆ, ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಹನ್ನೆರಡು ಕೆಳಕ್ಕೆ, ಇಳಿದ ಒಂದು ಬೆಳಿಗ್ಗೆ ಹಿಮದ ಟ್ರಕ್ಕಿನ ಕೆಲಸ ಮುಗಿಸಿ ಆ ದಾರಿಯಲ್ಲಿ ಬಂದೆ. ಪಾತಿಗಳೆಲ್ಲ ಗಟ್ಟಿಯಾಗಿದ್ದವು. ನಾನೂರು ದುಂಡನೆಯ ಗಾಜು, ಒಂದೊಂದರ ನಡುವೆ ಸಿಕ್ಕಿಕೊಂಡ ಒಂದೊಂದು ಕಡ್ಡಿ. ಟ್ರಕ್ ನಿಲ್ಲಿಸಿ ಇಳಿದೆ. ಹಿಂದಿನಿಂದ ಹಾರೆ ತೆಗೆದುಕೊಂಡೆ. ಆಗಲೂ ಏರಿ ಒಡೆದಿದ್ದರೆ ಕರಗಿದ ನೀರು ಹೊರಗೆ ಹೋಗುತ್ತಿತ್ತು. ಆದರೆ ಎದುರಿಗೇ ಅಧ್ಯಕ್ಷರ ಮನೆಯ ಹಿಂಬದಿಯ ಕಿಟಕಿಗಳು. ಅಡುಗೆಮನೆಯಲ್ಲಿ ಯಾರೋ ಓಡಾಡುವುದು ಕಾಣುತ್ತಿತ್ತು. ಕಾಫಿ ಲೋಟ ಹಿಡಿದು, "ನೋಡು, ಕರೀದೇನೇ ಬಂದ" ಎನ್ನುತ್ತಾರೆ ಎನಿಸಿತು. ಹಾರೆಯನ್ನು ವಾಪಸು ಹಾಕಿ ಟ್ರಕ್ ಹತ್ತಿದೆ.

ಅವರು ಹಾಗೆ ಎನ್ನುತ್ತಿದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮೇ ತಿಂಗಳಲ್ಲಿ ಗಿಡಗಳೆಲ್ಲ ಚಿಗುರಿದವು. ಆ ಸಬ್‌ಡಿವಿಷನ್ನಿನ ಕನ್ನಡದವರು ಎಲ್ಲರಿಗೂ ಈಮೇಲಿನಲ್ಲಿ ಫೋಟೋ ಕಳಿಸಿದರು: ಎಳೆಯ ಎಲೆ, ಪಕ್ಕದಲ್ಲಿ ಅಧ್ಯಕ್ಷರು. ಇಲ್ಲಿ ಬರೆಯಲು ಕಷ್ಟವಾಗುವ ಮಾತೆಂದರೆ, ಆ ಎಲೆ ನೋಡಿ ನನಗೆ ಸಂತೋಷವಾಗಲಿಲ್ಲ. ಆಮೇಲೆ ನೆನಪಾಯಿತು, ನನ್ನ ಮೇಪಲ್‌ಗಳೂ ಮೇ ತಿಂಗಳಲ್ಲಿ ಚಿಗುರಿದ್ದವು. ಕಾಂಡದಲ್ಲಿ ಉಳಿದ ಸತ್ವದಿಂದ ಬರುವ ಎಲೆ ಅದು. ಬೇರು ಸತ್ತ ಸುದ್ದಿ ಕೊಂಬೆಗೆ ಮುಟ್ಟಲು ಒಂದು ತಿಂಗಳು ಬೇಕು. ಅದು ನೆನಪಾದಾಗ ಸಮಾಧಾನವಾಯಿತು. ಮರ ಬೆಳೆಸುವುದೇ ಕೆಲಸವಾದ ಮನುಷ್ಯನಿಗೆ ಆಗಬಾರದ ಸಮಾಧಾನ.

ಜೂನ್ ಮಧ್ಯದಲ್ಲಿ ಅಧ್ಯಕ್ಷರೂ ಅವರ ಹೆಂಡತಿಯೂ ನಮ್ಮ ಮನೆಗೆ ಬಂದರು. ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ. ನನ್ನ ಹೆಂಡತಿಗೆ ಕುಂಕುಮ ಕೊಟ್ಟರು. ಎಂಟು ತಿಂಗಳು ನಾನು ಕಾದ ಕರೆ ಹೀಗೆ ಶಾಸ್ತ್ರೋಕ್ತವಾಗಿ ಬಂತು.

"ಗಿಡ ಎಲ್ಲ ಬಾಡ್ತಾ ಇದೆ ಕಣ್ರೀ" ಎಂದರು. "ನೀರು ಸಾಕಾಗ್ತಿಲ್ಲ ಅನ್ಸತ್ತೆ. ದಿನಾ ಎರಡು ಹೊತ್ತು ಹೋಸ್ ಹಿಡೀತಾ ಇದೀವಿ."

ಆಗಲೇ ಅವರ ಜೊತೆ ಹೊರಟೆ. ಒಂದು ಓಕ್ ಸಸಿಯನ್ನು ಹಿಡಿದೆಳೆದೆ. ಕಸ ಕಿತ್ತಷ್ಟು ಸುಲಭವಾಗಿ ಬಂತು. ಬೇರು ಕಪ್ಪಗೆ, ಸಿಪ್ಪೆ ಜಾರುತ್ತಿತ್ತು. ಅವರ ಮೂಗಿನ ಹತ್ತಿರ ಹಿಡಿದು, "ಮೂಸಿ ನೋಡಿ ಸಾರ್" ಎಂದೆ. ಮೂಸಿದರು. ಮುಖ ತಿರುಗಿಸಿ, ಕೈಯನ್ನು ಇಸ್ತ್ರಿ ಮಾಡಿದ ಪ್ಯಾಂಟಿಗೆ ಒರೆಸಿಕೊಂಡರು. ಆಮೇಲೆ ಹೇಳಿದರು:

"ನೀವು ಅವತ್ತೇ ಗಟ್ಟಿಯಾಗಿ ಹೇಳ್ಬೇಕಿತ್ತು."

"ಹೇಳಿದೆ ಸಾರ್."

"ಹೇಳಿದ್ರಿ. ಆದ್ರೆ ಗಟ್ಟಿಯಾಗಿ ಹೇಳ್ಲಿಲ್ಲ."

ಗಟ್ಟಿಯಾಗಿ ಹೇಳಲಿಲ್ಲವೆಂಬುದು ಸುಳ್ಳು. ಆದರೆ ಡಿಸೆಂಬರಿನಲ್ಲಿ ಹಾರೆ ಹಿಡಿದು ನಿಂತು ವಾಪಸು ಹೋದವನು ನಾನೇ. ಅದನ್ನು ಅವರಿಗೆ ಹೇಳಲಿಲ್ಲ.

ಆ ಬೇಸಿಗೆ ಪೂರ್ತಿ ಅಲ್ಲೇ ಕೆಲಸ ಮಾಡಿದೆ. ಹೋಸ್ ನಿಲ್ಲಿಸಿದೆ. ನಾನೂರು ಏರಿಯನ್ನೂ ಒಡೆದೆ. ಅರ್ಧ ಬೇರು ಉಳಿದವನ್ನು ಮೆಲ್ಲಗೆ ಎಬ್ಬಿಸಿ, ಕೊಳೆತ ಬೇರು ಕತ್ತರಿಸಿ, ಎತ್ತರಕ್ಕೆ ಮತ್ತೆ ನೆಟ್ಟೆ. ನೆಟ್ಟ ದಿನ ಬಂದ ಅರವತ್ತು ಜನರಲ್ಲಿ ಕೆಲವರು ಕೆಲಸ ಹುಡುಕಿಕೊಂಡು ಟೆಕ್ಸಸ್ ಕಡೆ ಹೋಗಿದ್ದರು. ಇಬ್ಬರು ಸಾಲ ಕಟ್ಟಲಾಗದೆ ಮನೆಯ ಬೀಗದ ಕೈಯನ್ನು ಬ್ಯಾಂಕಿಗೆ ಕೊಟ್ಟು ಹೋಗಿದ್ದರು. ಉಳಿದವರಲ್ಲಿ ಭಾನುವಾರ ತಪ್ಪದೆ ಬರುತ್ತಿದ್ದವರು ಹುಬ್ಬಳ್ಳಿಯ ಡಾಕ್ಟರೊಬ್ಬರೇ. "ಯಜಮಾನ್ರ, ನಾ ಮನಷಾರ ಹೊಟ್ಟಿ ಕೊಯ್ಯಾಂವ. ಬ್ಯಾರು ಕೊಯ್ಯಾಕ ಕೈ ನಡಗ್ತದ ನೋಡ್ರೀ" ಎನ್ನುತ್ತ ನಾನು ಹೇಳಿದಲ್ಲಿ ಕತ್ತರಿಸುತ್ತಿದ್ದರು.

ಆಗಸ್ಟಿನಲ್ಲಿ ಹಳ್ಳದ ಅಂಚಿಗೆ ಕಿತ್ತಳೆ ಬಣ್ಣದ ಹೂ ಬಂತು. ಯಾರೂ ನೆಡದೆ ತಾನಾಗಿ ಬರುವ, ನಮ್ಮ ಕರ್ಣಕುಂಡಲದ ಜಾತಿಯ ಹೂ. ಅದಕ್ಕೆ ಒಂದು ಹೆಣ್ಣು ಹಕ್ಕಿ ಬರತೊಡಗಿತು. ದಿನಕ್ಕೆ ಎಷ್ಟು ಸಲ ಬರುತ್ತದೆಂದು ನೋಡಿ, ಅದು ಹೋಗುವ ದಿಕ್ಕು ಹಿಡಿದು ಗೂಡು ಹುಡುಕಿದೆ. ಸಿಗಲಿಲ್ಲ. ಎಲೆ ಉದುರಿದ ಮೇಲೆ ಕಂಡಿತು. ಬಿಲ್ಡರ್ ಬಿಟ್ಟುಹೋದ, ನೀರಿನ ಮೇಲೆ ಬಾಗಿದ ಒಂದೇ ಒಂದು ಹಳೆಯ ಮರದಲ್ಲಿ ಗೂಡು. ಅರ್ಧ ನಿಂಬೆಹಣ್ಣಿನ ಓಡಿನಷ್ಟಿತ್ತು. ಜೇಡರ ಬಲೆಯಿಂದ ಬಿಗಿದು, ಮರದ ಪಾಚಿ ಹಚ್ಚಿ, ಕೊಂಬೆಯ ಗಂಟೇ ಎನ್ನುವ ಹಾಗೆ ಮಾಡಿತ್ತು. ನನ್ನ ಕಸಿ ಕಟ್ಟಿನ ಬಗ್ಗೆ ನನಗೆ ಜಂಬವಿತ್ತು. ಅದರ ಮುಂದೆ ನನ್ನದು ಗೋಣಿ ಹೊಲಿಗೆ.

ಡಾಕ್ಟರಿಗೆ ತೋರಿಸಿದೆ. ಬಹಳ ಹೊತ್ತು ಕತ್ತೆತ್ತಿ ನೋಡಿದರು. "ಒಂದ ಮರ ಇದ್ರ ಸಾಕಾತೇನ್ರೀ ಇದಕ್ಕ?" ಎಂದರು.

"ಇದಕ್ಕೆ ಸಾಕು. ಇದರ ಮಕ್ಕಳಿಗೆ ಸಾಲದು."

ಎಣಿಕೆ ನಡೆದದ್ದು 2011ರ ಮೇ ತಿಂಗಳಲ್ಲಿ. ಟೌನ್‌ಷಿಪ್ಪಿನಿಂದ ಒಬ್ಬ ಹೆಂಗಸು ಬಂದಳು. ಕೈಯಲ್ಲಿ ಗುಂಡಿ ಒತ್ತಿ ಎಣಿಸುವ ಸಣ್ಣ ಯಂತ್ರ. ಒಂದೊಂದು ಗಿಡದ ಕಾಂಡವನ್ನು ಹೆಬ್ಬೆರಳ ಉಗುರಿನಿಂದ ಕೆರೆದು, ಒಳಗೆ ಹಸಿರಿದ್ದರೆ ಗುಂಡಿ ಒತ್ತುತ್ತಿದ್ದಳು. ಕೆಲಸ ಬಲ್ಲವಳು. ಎರಡು ಗಂಟೆ ನಾವು ಮೂವರು, ಅಧ್ಯಕ್ಷರು, ಡಾಕ್ಟರು, ನಾನು, ಅವಳ ಹಿಂದೆ ನಡೆದೆವು. ಟಕ್, ಟಕ್ ಎನ್ನುವ ಸದ್ದೊಂದೇ. ಟಕ್ ಎನ್ನದ ಕಡೆಯೆಲ್ಲ ಡಾಕ್ಟರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಇನ್ನೂರ ಎಂಬತ್ತಮೂರು.

ನಾನು ಕೇಳಿದ್ದಕ್ಕೆ ಮತ್ತೊಮ್ಮೆ ಎಣಿಸಿದಳು. ಮತ್ತೆ ಇನ್ನೂರ ಎಂಬತ್ತಮೂರು. ಹದಿನೇಳು ಕಡಿಮೆ. ಅಧ್ಯಕ್ಷರು ಅವಳಿಗೆ ಇಂಗ್ಲಿಷಿನಲ್ಲಿ ಬಹಳ ಹೊತ್ತು ಹೇಳಿದರು. ಗೂಡಿನ ವಿಷಯ, ಕಷ್ಟದ ಕಾಲ, ಜನರ ಶ್ರಮ. ಅವಳು ಎಲ್ಲ ಕೇಳಿ, ಕ್ಷಮಿಸಿ, ಬರೆದ ಷರತ್ತು ಬದಲಿಸುವ ಅಧಿಕಾರ ನನಗಿಲ್ಲ ಎಂದಳು. ಡಿಸೆಂಬರಿನ ಆ ಬೆಳಿಗ್ಗೆ ಬೇಡ, ನವೆಂಬರಿನಲ್ಲಿ ಒಂದೇ ಒಂದು ಗಂಟೆ ಬಂದಿದ್ದರೂ ಮೂವತ್ತು ಏರಿ ಒಡೆಯುತ್ತಿದ್ದೆ. ಹದಿನೇಳಕ್ಕೆ ಅರ್ಧ ಗಂಟೆ ಸಾಕಿತ್ತು.

ಅದೇ ಬೇಸಿಗೆಯಲ್ಲಿ ಅಧ್ಯಕ್ಷರಿಗೆ ಷಿಕಾಗೋ ಕಡೆ ಒಂದು ವೇರ್‌ಹೌಸ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಯ ಬೋಲಿಂಗ್‌ಬ್ರೂಕಿಗೆ ಹೊರಡುವ ಮುಂಚೆ ಎಲ್ಲರಿಗೂ ಒಂದು ವರದಿ ಬರೆದು ಕಳಿಸಿದರು. ಅದರಲ್ಲಿ ಹೀಗಿತ್ತು: ನಮ್ಮ ಮಾಲಿಯವರ ಮಾರ್ಗದರ್ಶನದಲ್ಲಿ ನೆಟ್ಟ ನಾನೂರು ಸಸಿಗಳಲ್ಲಿ ಹಲವು, ದುರದೃಷ್ಟವಶಾತ್, ಉಳಿಯಲಿಲ್ಲ.

ಓದಿ ಮುಗಿಸಿದವನೇ ಫೋನ್ ಮಾಡಿದೆ.

"ಹೀಗೆ ಯಾಕೆ ಬರೆದ್ರಿ ಸಾರ್?"

"ಯಾಕೆ? ಏನಾಯ್ತು?"

"ನನ್ನ ಮಾರ್ಗದರ್ಶನದಲ್ಲಿ ನೆಟ್ಟಿದ್ದು ಅಂತ ಬರೆದಿದೀರಲ್ಲ."

"ಅಯ್ಯೋ, ಕ್ರೆಡಿಟ್ ನಿಮಗೇ ಕೊಟ್ಟಿದೀನಲ್ರೀ!" ಎಂದರು. ದನಿಯಲ್ಲಿ ಕಪಟವಿರಲಿಲ್ಲ. ನಿಜವಾಗಿಯೂ ಆಶ್ಚರ್ಯಪಟ್ಟಿದ್ದರು, ಸ್ವಲ್ಪ ನೊಂದೂ ಇದ್ದರು. "ನಾನು ನನ್ನ ಹೆಸರು ಎಲ್ಲೂ ಹಾಕ್ಕೊಂಡಿಲ್ಲ ನೋಡಿ."

ಅದೂ ನಿಜ. ಅವರ ಹೆಸರು ಎಲ್ಲೂ ಇರಲಿಲ್ಲ. ಇಂಥ ಮನುಷ್ಯನ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಆದರೂ ಮಾಡಿದ್ದೇನೆ. ಕಡಿಮೆಯಾಗಿಲ್ಲ. ಕ್ಯಾಂಟನ್ನಿನ ಯಾವುದಾದರೂ ಗೃಹಪ್ರವೇಶದಲ್ಲಿ ಯಾರಾದರೂ, "ಆ ಹಮ್ಮಿಂಗ್‌ಬರ್ಡ್ ಪ್ರಾಜೆಕ್ಟ್ ನಿಮ್ದೇ ಅಲ್ವಾ, ಗಿಡ ಎಲ್ಲ ಸತ್ತೋಯ್ತಲ್ಲ" ಎಂದು ಕೇಳುತ್ತಾರೆ. ನಾನು ಪಾತಿಯ ಕತೆ ಶುರು ಮಾಡುತ್ತೇನೆ. ಅವರು ಅಷ್ಟರಲ್ಲಿ ಪಾಯಸದ ಕಡೆ ನೋಡುತ್ತಿರುತ್ತಾರೆ.

ಮರುವರ್ಷ ಹೊಸ ಬಿಲ್ಡರ್ ಬಂದ. ಬುಲ್‌ಡೋಜರ್ ಬರುವ ಹಿಂದಿನ ಶನಿವಾರ ಅವನ ಆಳನ್ನು ಕೇಳಿಕೊಂಡು, ಒಬ್ಬನೇ ಹೋಗಿ, ಒಂದು ದಿನದಲ್ಲಿ ಎಷ್ಟಾಗುತ್ತದೋ ಅಷ್ಟು ಗಿಡಗಳನ್ನು ಮಣ್ಣಿನ ಗಡ್ಡೆ ಸಮೇತ ಎಬ್ಬಿಸಿದೆ. ಕತ್ತಲಾಗುವ ಹೊತ್ತಿಗೆ ಇಪ್ಪತ್ತೆರಡಾಗಿತ್ತು. ಇನ್ನೂರ ಅರವತ್ತೊಂದು ಅಲ್ಲೇ ಉಳಿದವು. ಹಳ್ಳದ ಮೇಲೆ ಬಾಗಿದ್ದ ಹಳೆಯ ಮರವನ್ನೂ ಸೋಮವಾರ ತೆಗೆದರು. ಈಗ ಅಲ್ಲಿ ನಲವತ್ತಾರು ಮನೆಗಳಿವೆ. ಚೆನ್ನಾಗಿಯೇ ಕಟ್ಟಿದ್ದಾರೆ. ಕೆಲವು ಮನೆಯ ಅಂಗಳದ ಕೆಲಸ ನಾನೇ ಮಾಡಿದ್ದೇನೆ. ಆ ಹೊತ್ತಿಗೆ ನನ್ನದೇ ಸಣ್ಣ ಕೆಲಸದ ತಂಡ ಕಟ್ಟಿಕೊಂಡಿದ್ದೆ.

ಈಗ ನನ್ನಲ್ಲಿರುವುದು ಇಷ್ಟು. ಕಾಲು ಎಕರೆ ಹಿತ್ತಿಲು. ಅದರಲ್ಲಿ, ತಂದ ಇಪ್ಪತ್ತೆರಡರಲ್ಲಿ ಉಳಿದ ಹದಿನಾಲ್ಕು ಮರ: ಓಕ್ ಆರು, ಸರ್ವಿಸ್‌ಬೆರಿ ಐದು, ಟ್ಯೂಲಿಪ್ ಮೂರು. ಪಿಕಪ್ ಎರಡು, ಆಳು ಮೂವರು. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಬರುವ ಹಕ್ಕಿ ಎರಡು, ಕೆಲವು ವರ್ಷ ಒಂದು. ಗೂಡು ಇಲ್ಲ.